ವರದಿಯ ಕೊನೆಯ ಸಾಲು

ರೇಡಿಯೋ ಕೇಂದ್ರದ ನೆಲಮಾಳಿಗೆಗೆ ಟೇಪಕ್ಕ ಬಂದು ಕೂತು ಇಪ್ಪತ್ತೊಂಬತ್ತು ವರ್ಷವಾಗಿತ್ತು. ಅಪ್ಪ ಅಮ್ಮ ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ಹಾಡು, ನಾಟಕ, ಭಾಷಣಗಳ ಟೇಪು ಸುರುಳಿಗಳನ್ನು ಕಾಯುವ ಅಕ್ಕ, ಹಾಗಾಗಿ ಟೇಪಕ್ಕ. ಈಗ ಕಾಯುವುದಕ್ಕೆ ಟೇಪೇ ಇರಲಿಲ್ಲ ಅನ್ನುವುದು ಬೇರೆ ಮಾತು. ಮೂರು ವರ್ಷದ ಹಿಂದೆ ಗೋಡೆಯಿಂದ ನೀರು ಒಸರಿ ಸುರುಳಿಗಳಿಗೆಲ್ಲ ಬೂಷ್ಟು ಹಿಡಿದಿತ್ತು. ಅವುಗಳೊಳಗಿನ ಧ್ವನಿಯನ್ನು ಆತುರಾತುರವಾಗಿ ಕಂಪ್ಯೂಟರಿನ ಡಿಸ್ಕಿಗೆ ಇಳಿಸಿ, ಸುರುಳಿಗಳನ್ನೂ ವಿವರ ಬರೆದ ಕಾರ್ಡುಗಳನ್ನೂ ಒಂದೇ ಲಾರಿಗೆ ತುಂಬಿ ಸಾಗಹಾಕಿದ್ದರು. ನೂರ ಎಪ್ಪತ್ತೊಂದು ಕಪಾಟು ತುಂಬಿದ್ದ ಸರಕು ಈಗ ಇಟ್ಟಿಗೆಯಷ್ಟು ದೊಡ್ಡ ಪೆಟ್ಟಿಗೆಯಲ್ಲಿತ್ತು. ಪೆಟ್ಟಿಗೆಯ ಒಳಗೂ ಕಪಾಟು ಒಂದು, ಕಪಾಟು ಎರಡು ಎಂದೇ ವಿಂಗಡಿಸಿಟ್ಟಿದ್ದರು, ಟೇಪಕ್ಕನಿಗೆ ದಾರಿ ತಪ್ಪದಿರಲಿ ಅಂತ.

ಆ ಪೆಟ್ಟಿಗೆಗೂ ವಯಸ್ಸಾಯಿತು. ಒಳಗಿಂದ ಕಟಕಟ ಸದ್ದು ಬರತೊಡಗಿದಾಗ ಹೊಸ ಡಿಸ್ಕು ತರಿಸಿದರು. ದಿನಕ್ಕೊಂದು ಕಪಾಟಿನಂತೆ ಹಳೆಯದರಿಂದ ಹೊಸದಕ್ಕೆ ನಕಲು ಮಾಡಬೇಕು, ದಿನಾ ಒಂದು ವರದಿ ಕೊಡಬೇಕು ಎಂದು ಕೇಂದ್ರದ ಮುಖ್ಯಸ್ಥರು ಆಜ್ಞೆ ಹೊರಡಿಸಿದರು. ಈ ಮುಖ್ಯಸ್ಥರನ್ನು ಬೆನ್ನ ಹಿಂದೆ ಎಲ್ಲರೂ ಸಹಿ ಸಾಹೇಬರು ಎನ್ನುತ್ತಿದ್ದರು. ಫೋನಿನಲ್ಲಿ ಮಾತಾಡುತ್ತ ಸಹಿ ಹಾಕುತ್ತಿದ್ದರು, ಕನ್ನಡಕ ಹುಡುಕುತ್ತ ಸಹಿ ಹಾಕುತ್ತಿದ್ದರು, ಒಮ್ಮೆ ಮೆಟ್ಟಿಲು ಇಳಿಯುತ್ತ ಮೂರು ಜನರ ರಜಾ ಅರ್ಜಿಗೆ ಹಾಕಿದ್ದರು. ಅದರಲ್ಲಿ ಒಂದು ಅರ್ಜಿ ಅವರದ್ದೇ ಆಗಿತ್ತು.

ನಕಲು ಮಾಡುವುದೇನೂ ಕಷ್ಟವಿರಲಿಲ್ಲ. ಕಪ್ಪು ಪರದೆಯಲ್ಲಿ ಒಂದು ಸಾಲಿನ ಆಜ್ಞೆ ಟೈಪು ಮಾಡಿದರೆ ಸಾಕು, ಲಿನಕ್ಸು ಯಂತ್ರ ಒಂದೊಂದೇ ಧ್ವನಿಮುದ್ರಣದ ಹೆಸರು ಹೇಳುತ್ತ ಕೆಲಸ ಮಾಡುತ್ತಿತ್ತು. ಕಷ್ಟ ಇದ್ದದ್ದು ವರದಿಯದ್ದು. ಪರದೆಯ ಮೇಲೆ ಹೆಸರುಗಳು ಓಡುತ್ತಿದ್ದವು, ಟೇಪಕ್ಕ ಕಾಗದದ ಮೇಲೆ ಬರೆಯುತ್ತ ಹಿಂದೆ ಹಿಂದೆ ಓಡುತ್ತಿದ್ದಳು. ಎರಡೇ ದಿನಕ್ಕೆ ಅವಳ ಕೈ ಬೆರಳು ಸೆಟೆದುಕೊಂಡವು.

ಆಗ ಕೇಂದ್ರದಲ್ಲಿ ಒಬ್ಬ ಇಂಜಿನಿಯರ್ ಇದ್ದ. ವರ್ಷದ ಹನ್ನೆರಡು ತಿಂಗಳೂ ನೆಗಡಿ. ಮೂಗೊರೆಸಿಕೊಳ್ಳುತ್ತ ಬಂದು ಅವಳ ಅವಸ್ಥೆ ನೋಡಿ, ‘ಅಯ್ಯೋ ಅಕ್ಕಾ, ಯಾಕೆ ಕೈ ನೋಯಿಸ್ಕೋತೀರ? ಆಜ್ಞೆ ಆದ್ಮೇಲೆ ಬಲಗಡೆ ತಿರುಗಿದ ಬಾಣ ಹಾಕಿ, ಫೈಲಿನ ಹೆಸರು ಬರೀರಿ. ಅದು ಹೇಳೋದೆಲ್ಲ ಸೀದಾ ಫೈಲಿಗೆ ಹೋಗಿ ಕೂರತ್ತೆ’ ಎಂದು ಒಂದು ಚೀಟಿಯಲ್ಲಿ > ಎಂದು ಬರೆದು ಕೊಟ್ಟ. ಟೇಪಕ್ಕ ಹಿಗ್ಗಿ ಹೀರೇಕಾಯಿಯಾದಳು. ಹತ್ತು ದಿನ ಒಂದೇ ಫೈಲಿಗೆ ಬಾಣ ಬಿಟ್ಟಳು. ಹನ್ನೊಂದನೇ ದಿನ ತೆಗೆದು ನೋಡಿದರೆ ಒಳಗೆ ಹತ್ತನೇ ದಿನದ್ದು ಬಿಟ್ಟರೆ ಬೇರೇನೂ ಇಲ್ಲ. ‘ಒಂದು ಬಾಣ ಹಾಕಿದ್ರೆ ಹಳೇದನ್ನ ಒರೆಸಿ ಹೊಸದಾಗಿ ಬರೆಯತ್ತೆ ಅಕ್ಕಾ. ಹಳೇದರ ಕೆಳಗೆ ಸೇರಿಸ್ಬೇಕು ಅಂದ್ರೆ ಎರಡು ಬಾಣ. ಇನ್ನೂ ಒಂದು ವಿಷಯ ಇದೆ, ಏನಪ್ಪಾ ಅಂದ್ರೆ...’ ಎಂದವನು ದೊಡ್ಡದಾಗಿ ಸೀನಿದ. ಸೀನು ನಿಲ್ಲಲಿಲ್ಲ. ಕರವಸ್ತ್ರ ಹುಡುಕುತ್ತ ಹೊರಗೆ ಹೋದವನು ಆ ವಿಷಯ ಮರೆತೇಬಿಟ್ಟ, ಮುಂದಿನ ತಿಂಗಳು ಬೇರೆ ಊರಿಗೆ ವರ್ಗವಾಗಿ ಹೋದ.

ಪುಣ್ಯಕ್ಕೆ ಆ ಹತ್ತು ದಿನವೂ ಅವಳು ಆಯಾ ದಿನದ ವರದಿಯನ್ನು ಆಗಲೇ ಮುದ್ರಿಸಿ ಸಹಿ ಮಾಡಿಸಿಟ್ಟಿದ್ದಳು. ಅಲ್ಲಿಂದ ಮುಂದೆ ದಿನಕ್ಕೊಂದು ಫೈಲು, ಎರಡೆರಡು ಬಾಣ. ಹೆಸರುಗಳೆಲ್ಲ ಫೈಲಿಗೆ ಹೋದ ಮೇಲೆ ‘ಎಕೋ’ ಎಂಬ ಆಜ್ಞೆಯಿಂದ ಕೊನೆಗೆ ತನ್ನದೊಂದು ಸಾಲು ಸೇರಿಸುತ್ತಿದ್ದಳು. ಎಕೋ ಎಂದು ಬರೆದು ಮುಂದೆ ಏನು ಬರೆದರೂ ಯಂತ್ರ ಗಿಣಿಪಾಠ ಒಪ್ಪಿಸುತ್ತದೆ. ಅದಕ್ಕೂ ಎರಡು ಬಾಣ ಹಾಕಿದರೆ ಫೈಲಿನ ಕೊನೆಗೆ ಹೋಗಿ ಕೂರುತ್ತದೆ. ಮೊದಮೊದಲು ‘ಇಂದು ಇಪ್ಪತ್ತೈದು ಧ್ವನಿಮುದ್ರಣಗಳ ನಕಲು ಮುಗಿಯಿತು’ ಎಂದು ಸಭ್ಯವಾಗಿ ಬರೆಯುತ್ತಿದ್ದಳು. ಒಂದು ದಿನ ಬೇಜಾರಾಗಿ ‘ಸಾಹೇಬರ ಷರ್ಟಿನ ಎರಡನೇ ಗುಂಡಿ ಕಳಚಿ ಬಿದ್ದಿದೆ, ಅದರ ನಕಲು ಲಭ್ಯವಿಲ್ಲ’ ಎಂದು ಸೇರಿಸಿ, ಮುದ್ರಿಸಿ, ಎದೆ ಗಟ್ಟಿ ಮಾಡಿಕೊಂಡು ಮೇಜಿನ ಮೇಲಿಟ್ಟಳು. ಸಾಹೇಬರು ಫೋನಿನಲ್ಲಿ ನಗುತ್ತ ‘ಪೂರ್ತಿ ಓದಿ ಪರಿಶೀಲಿಸಿದ್ದೇನೆ’ ಎಂಬ ಮುದ್ರೆ ಒತ್ತಿ ಸಹಿ ಜಡಿದರು.

ಅಲ್ಲಿಗೆ ಟೇಪಕ್ಕ ಬಾಲ ಬಿಚ್ಚಿದಳು. ಐವತ್ತೇಳು ವಯಸ್ಸು, ಮೂರು ವರ್ಷಕ್ಕೆ ನಿವೃತ್ತಿ, ಮಗಳ ಮದುವೆ ಮಾಡಿ ಮುಗಿಸಿದ ಹೆಂಗಸು. ಆದರೆ ಬೆಳಿಗ್ಗೆ ಬಸ್ಸಿನಲ್ಲಿ ಕೂತು ಇವತ್ತಿನ ಸಾಲು ಏನು ಬರೆಯಲಿ ಎಂದು ಯೋಚಿಸುತ್ತ ಒಬ್ಬಳೇ ಕಿಸಕ್ಕೆಂದು ನಗುತ್ತಿದ್ದಳು. ಸಾಹೇಬರು ಮೀಟಿಂಗಿನಲ್ಲಿ ‘ಮೂಲಭೂತವಾಗಿ’ ಎಂದು ಹದಿನೇಳು ಸಲ ಹೇಳಿದ್ದು ವರದಿಗೆ ಹೋಯಿತು. ಅವರ ಕೂದಲಿಗೆ ಬಣ್ಣ ಹಚ್ಚಿದ ದಿನಾಂಕ ಹೋಯಿತು. ಬಣ್ಣ ಕಾಲರಿಗೂ ತಗುಲಿದ ವಿಷಯ ಮರುದಿನದ ವರದಿಗೆ ಹೋಯಿತು. ಒಂದಕ್ಕೂ ತಪ್ಪದೆ ಮುದ್ರೆ ಬಿತ್ತು, ಸಹಿ ಬಿತ್ತು, ಗಂಟು ಕಟ್ಟಿ ಕಪಾಟು ಸೇರಿತು.

ಮೊದಲ ದಿನಗಳಲ್ಲಿ ತಕರಾರಿಲ್ಲದಿದ್ದ ಯಂತ್ರವೇ ಈಗ ನಡುನಡುವೆ ಅವಳಿಗೆ ವಿಷಯ ಒದಗಿಸತೊಡಗಿತು. ಫೈಲಿಗೆ ಬಾಣ ಬಿಟ್ಟಿದ್ದರೂ ಕೆಲವು ದಿನ ಪರದೆಯ ಮೇಲೆ ಒಂದೋ ಎರಡೋ ಸಾಲು ಬಂದು ನಿಲ್ಲುತ್ತಿತ್ತು: ಇಂಥ ಕಪಾಟಿನ ಇಂಥ ನಂಬರಿನದನ್ನು ಓದಲು ಆಗುತ್ತಿಲ್ಲ. ಟೇಪಕ್ಕ ತಲೆ ಕೆಡಿಸಿಕೊಳ್ಳಲಿಲ್ಲ. ಯಂತ್ರ ಹೇಳುವುದೆಲ್ಲ ಫೈಲಿಗೆ ಹೋಗುತ್ತದೆ ಎಂದು ನೆಗಡಿ ಇಂಜಿನಿಯರ್ ಹೇಳಿಲ್ಲವೇ? ಇದೂ ಹೋಗಿರುತ್ತದೆ, ಅದನ್ನು ನೋಡಿಕೊಳ್ಳುವವರು ನೋಡಿಕೊಳ್ಳುತ್ತಾರೆ. ಅವಳಿಗೆ ಬೇಕಾದದ್ದು ಕುಚೋದ್ಯಕ್ಕೆ ಒಂದು ನೆಪ ಮಾತ್ರ. ‘ಇಪ್ಪತ್ತೈದನೇ ಕಪಾಟಿನ ಹದಿಮೂರನೆಯದು ಅರ್ಧಕ್ಕೇ ಎದ್ದು ಹೋಯಿತು, ಸಾಹೇಬರು ಮೀಟಿಂಗಿನಿಂದ ಹೋದಂತೆ’ ಎಂದು ಬರೆದು ಸಹಿ ಮಾಡಿಸಿಕೊಂಡು ಬಂದಳು. ಪರದೆಯನ್ನು ಒರೆಸಿ ಮನೆಗೆ ಹೋದಳು.

ಮನೆಯಲ್ಲಿ ಅವಳ ಅತ್ತೆ ಇದ್ದರು. ಈ ಅತ್ತೆ ಸಾಮಾನ್ಯದವರಲ್ಲ. ಇದೇ ರೇಡಿಯೋ ಕೇಂದ್ರದಲ್ಲಿ ಇಪ್ಪತ್ತೆರಡು ವರ್ಷ ಮಧ್ಯಾಹ್ನದ ಹೊತ್ತು ಗೃಹಿಣಿಯರ ಕಾರ್ಯಕ್ರಮ ನಡೆಸಿಕೊಟ್ಟವರು. ಒಲೆ, ಒಗೆತ, ಹೊಲಿಗೆ, ಮಕ್ಕಳ ಹಟ, ಎಲ್ಲದರ ಬಗ್ಗೆಯೂ ಜೇನಿನಂಥ ಧ್ವನಿಯಲ್ಲಿ ಬುದ್ಧಿ ಹೇಳಿದವರು. ಆ ಜೇನು ಕೇಳುಗರಿಗೆ ಮಾತ್ರ. ಸೊಸೆಗೆ ಸಿಗುತ್ತಿದ್ದದ್ದು ಜೇನ್ನೊಣ. ಟೇಪಕ್ಕ ಪಾತ್ರೆ ತೊಳೆದರೆ ಜಿಡ್ಡು, ಬಟ್ಟೆ ಒಣಗಿಸಿದರೆ ಸುಕ್ಕು. ಎರಡು ವರ್ಷದ ಹಿಂದೆ ಗಂಟಲಿಗೆ ಆಪರೇಷನ್ ಆಗಿ ಅತ್ತೆಯ ಧ್ವನಿ ಪೂರ್ತಿ ಹೋಯಿತು. ಇನ್ನು ಮನೆ ತಣ್ಣಗಿರುತ್ತದೆ ಎಂದು ಟೇಪಕ್ಕ ಒಳಗೊಳಗೇ ಅಂದುಕೊಂಡಳು, ಹಾಗೆ ಅಂದುಕೊಂಡದ್ದಕ್ಕೆ ಆಮೇಲೆ ನಾಚಿಕೊಂಡಳು. ನಾಚಿಕೊಳ್ಳುವ ಅಗತ್ಯವಿರಲಿಲ್ಲ. ಅತ್ತೆ ಇನ್ನೂರು ಪುಟದ ನೋಟ್‌ಬುಕ್ಕು ತರಿಸಿಕೊಂಡು ಬೈಯುವುದನ್ನೆಲ್ಲ ಬರೆದು ಕೊಡತೊಡಗಿದರು. ಬಾಯಲ್ಲಿ ಬೈಯುತ್ತಿದ್ದಾಗ ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಡಬಹುದಿತ್ತು. ಈಗ ಹಿಂದಿನ ಪುಟ ತಿರುಗಿಸಿ ‘ಮಂಗಳವಾರವೂ ಹೇಳಿದ್ದೆ’ ಎಂದು ಬೆರಳಿಟ್ಟು ತೋರಿಸುತ್ತಿದ್ದರು.

ಆದರೂ ಆ ಧ್ವನಿ ಇಲ್ಲದ ಮನೆಯಲ್ಲಿ ಟೇಪಕ್ಕನಿಗೆ ಏನೋ ಕಳೆದುಕೊಂಡ ಹಾಗಾಗುತ್ತಿತ್ತು. ಆಗಾಗ ಅಡುಗೆಮನೆಯಲ್ಲಿ ನಿಂತು, ಬೈಗುಳ ಬರಲಿ ಅಂತ ಕಿವಿಗೊಟ್ಟು ಕಾಯುತ್ತಿದ್ದಳು. ಇದನ್ನು ಯಾರಿಗೂ ಹೇಳಿರಲಿಲ್ಲ, ಹೇಳಿದರೆ ಅವಳ ಗಂಡನೇ ಬಿದ್ದು ಬಿದ್ದು ನಗುತ್ತಿದ್ದ.

ಎಂಟು ತಿಂಗಳಿಗೆ ನೂರ ಎಪ್ಪತ್ತೊಂದು ಕಪಾಟೂ ಮುಗಿದವು. ಶುಕ್ರವಾರ ಹಳೆಯ ಡಿಸ್ಕನ್ನು ಬಟ್ಟೆಯಲ್ಲಿ ಸುತ್ತಿ, ಅರಗಿನ ಮೊಹರು ಹಾಕಿ, ಸಾಹೇಬರ ಕೋಣೆಯ ಬೀರುವಿನಲ್ಲಿಟ್ಟರು. ಬುಧವಾರ ವಿಲೇವಾರಿ ಸಮಿತಿ ಬರುತ್ತದೆ, ವರದಿಗಳನ್ನು ನೋಡಿ ಒಪ್ಪಿಗೆ ಕೊಡುತ್ತದೆ, ಆಮೇಲೆ ಡಿಸ್ಕನ್ನು ಅಂಗಳದಲ್ಲಿರುವ ಯಂತ್ರಕ್ಕೆ ಹಾಕಿ ಪುಡಿ ಮಾಡುತ್ತಾರೆ. ಸಮಿತಿಯ ಲಿಖಿತ ಆದೇಶವಿಲ್ಲದೆ ಮೊಹರು ಒಡೆಯುವಂತಿಲ್ಲ.

ಕೆಲಸ ಮುಗಿದ ಖುಷಿಯಲ್ಲಿ ಟೇಪಕ್ಕ ಶನಿವಾರ ಹೆಸರುಗಳ ಪಟ್ಟಿ ತೆಗೆದು ಅತ್ತೆಯನ್ನು ಹುಡುಕಿದಳು. ಆ ಕಾಲದಲ್ಲಿ ಟೇಪಿಗೆ ಬರ. ಒಂದರ ಮೇಲೆ ಇನ್ನೊಂದು ಧ್ವನಿ ತುಂಬಿಸಿ ಹಳೆಯದನ್ನು ಅಳಿಸಿಬಿಡುತ್ತಿದ್ದರು. ಇಪ್ಪತ್ತೆರಡು ವರ್ಷದ ಮಾತಿನಲ್ಲಿ ಅರ್ಧ ಗಂಟೆಯ ಒಂದೇ ಒಂದು ಮುದ್ರಣ ಉಳಿದಿತ್ತು: ಕಪಾಟು ಇಪ್ಪತ್ತೆರಡು, ನಂಬರು ಆರು. ಹೊಸ ಡಿಸ್ಕಿನಿಂದ ಅದನ್ನು ತನ್ನ ಫೋನಿಗೆ ಹಾಕಿಕೊಳ್ಳಲು ಅನುಮತಿ ಅರ್ಜಿ ಬರೆದಳು. ಸಾಹೇಬರು ಎಂದಿನಂತೆ ಸಹಿ ಹಾಕಿದರು.

ಭಾನುವಾರ ಮಧ್ಯಾಹ್ನ ಊಟದ ಮೇಜಿನ ಮೇಲೆ ಫೋನಿಟ್ಟು ಚಾಲೂ ಮಾಡಿದಳು. ಆ ಧ್ವನಿ ಬಂತು. ಮೂವತ್ತೈದು ವರ್ಷದ ಹಿಂದಿನದು, ತುಂಬಿದ ಧ್ವನಿ. ಅತ್ತೆ ಬೆನ್ನು ನೆಟ್ಟಗೆ ಮಾಡಿ ಕೂತರು. ನಾಲ್ಕು ನಿಮಿಷವಾಗಿರಬೇಕು. ‘ಈಗ ಒಲೆ ಸಣ್ಣ ಮಾಡಿ, ಅಷ್ಟರಲ್ಲಿ ನೀವು’ ಎಂದು ಧ್ವನಿ ಹೇಳಿತು. ಅಲ್ಲಿಗೆ ನಿಂತಿತು. ಟೇಪಕ್ಕ ಫೋನು ತಟ್ಟಿದಳು, ಆರಿಸಿ ಹಚ್ಚಿದಳು, ಮತ್ತೆ ಹಾಕಿದಳು. ಮತ್ತೆ ಅಲ್ಲಿಗೇ ನಿಂತಿತು. ಅತ್ತೆ ನೋಟ್‌ಬುಕ್ಕು ಎಳೆದುಕೊಂಡು ‘ಮುಂದೆ?’ ಎಂದು ಬರೆದು ಅವಳ ಕಡೆ ತಿರುಗಿಸಿದರು.

ಟೇಪಕ್ಕ ಫೋನು ಆರಿಸಿಟ್ಟಳು.

ಸೋಮವಾರ ಬಾಗಿಲು ತೆಗೆಯುವ ಹೊತ್ತಿಗೆ ಸಾಹೇಬರ ಕೋಣೆಯ ಮುಂದೆ ನಿಂತಿದ್ದಳು. ‘ಸಾರ್, ನಕಲು ಪೂರ್ತಿ ಆಗಿಲ್ಲ. ಒಂದು ಅರ್ಧಕ್ಕೇ ನಿಲ್ತಾ ಇದೆ. ಇನ್ನೂ ಎಷ್ಟು ಹಾಗಿದಾವೋ.’

‘ನೋಡೀಮ್ಮಾ, ಮೂಲಭೂತವಾಗಿ ನಾಲ್ಕು ಸಾವಿರದ ಮುನ್ನೂರ ಹದಿನಾರು ಹೆಸರು ಹಳೇದ್ರಲ್ಲಿದೆ. ನಿಮ್ಮ ವರದೀಲೂ ಅಷ್ಟೇ ಇದೆ. ಹೊಸ ಡಿಸ್ಕಲ್ಲೂ ಅಷ್ಟೇ ಇದೆ. ಒಂದು ಕೆಟ್ಟಿದೆ ಅಂತ ಸಮಿತೀನ ವಾಪಸ್ ಕಳಿಸ್ಲಾ?’

‘ಎಲ್ಲಾನೂ ಒಂದ್ಸಲ ಕೇಳಿ ನೋಡೋಣ ಸಾರ್.’

‘ಬುಧವಾರದೊಳಗೆ? ಒಂದೊಂದು ಅರ್ಧ ಗಂಟೆ ಅಂದ್ರೂ ಎಷ್ಟು ತಿಂಗಳು ಬೇಕು ಅಂತ ಲೆಕ್ಕ ಹಾಕಿ. ಯಾವುದು ಕೆಟ್ಟಿದೆ ಅಂತ ಬರಹದಲ್ಲಿ ತೋರ್ಸಿ, ಮೊಹರು ಒಡೆಸ್ತೀನಿ. ಬರಹದಲ್ಲಿಲ್ಲದ್ದು ಇಲ್ಲ.’ ಹೇಳುತ್ತಲೇ ಯಾವುದೋ ಕಾಗದಕ್ಕೆ ಸಹಿ ಹಾಕಿದರು.

ಟೇಪಕ್ಕ ನೆಲಮಾಳಿಗೆಗೆ ಇಳಿದು ನೆಗಡಿ ಇಂಜಿನಿಯರಿಗೆ ಫೋನು ಮಾಡಿದಳು. ಆ ಕಡೆಯಿಂದ ಮೊದಲು ಸೀನು ಕೇಳಿಸಿತು, ಆಮೇಲೆ ಮಾತು.

‘ಅಕ್ಕಾ, ಮೆಷಿನ್ನಿಗೆ ಎರಡು ಬಾಯಿ. ಒಂದ್ರಲ್ಲಿ ಮಾಡ್ತಿರೋ ಕೆಲಸ ಹೇಳತ್ತೆ, ಇನ್ನೊಂದ್ರಲ್ಲಿ ಗೋಳು ಹೇಳ್ಕೊಳತ್ತೆ. ನೀವು ಬರೀ ಬಾಣ ಹಾಕಿದ್ರೆ ಮೊದಲನೇ ಬಾಯಿ ಮಾತ್ರ ಫೈಲಿಗೆ ತಿರುಗತ್ತೆ. ಗೋಳೆಲ್ಲ ಪರದೆಗೇ ಬರತ್ತೆ. ಅದೂ ಫೈಲಲ್ಲಿ ಬೇಕಂದ್ರೆ ಬಾಣದ ಹಿಂದೆ ಎರಡು ಅನ್ನೋ ಅಂಕಿ ಹಾಕಿ, ಅದಕ್ಕೆ ಬೇರೆ ಫೈಲಿನ ಹೆಸರು ಕೊಡಬೇಕು.’

‘ಮತ್ತೆ ಆ ಮುದ್ರಣದ ಹೆಸರು ವರದೀಲಿದೆಯಲ್ಲಪ್ಪಾ?’

‘ಹೆಸರು ಶುರು ಮಾಡುವಾಗ್ಲೇ ಹೇಳಿಬಿಡತ್ತೆ. ಮುಗಿಸ್ತೋ ನಡುವೆ ಬಿಡ್ತೋ ಅನ್ನೋದು ಅಲ್ಲಿರಲ್ಲ. ಬಿಟ್ಟಿದ್ರೆ ಎರಡನೇ ಬಾಯಲ್ಲಿ ಹೇಳಿರತ್ತೆ.’

‘ಇದನ್ನ ಆವತ್ತೇ ಹೇಳೋಕೇನಾಗಿತ್ತು ನಿಂಗೆ?’

‘ಹೇಳೋಕೆ ಹೊರಟಿದ್ದೆ ಅಕ್ಕಾ. ಸೀನು ಬಂತು.’

ಎಂಟು ತಿಂಗಳು ಯಂತ್ರ ಗೋಳು ಹೇಳಿಕೊಂಡಿತ್ತು, ಅವಳು ಅದನ್ನು ನೋಡಿ ನಕ್ಕು, ಒರೆಸಿ ಮನೆಗೆ ಹೋಗಿದ್ದಳು. ಟೇಪಕ್ಕ ತಲೆ ಮೇಲೆ ಕೈ ಹೊತ್ತು ಕೂತಳು. ಎಷ್ಟೋ ಹೊತ್ತಾದ ಮೇಲೆ ಅವಳಿಗೆ ಹೊಳೆಯಿತು: ನಕ್ಕಿದ್ದಷ್ಟೇ ಅಲ್ಲ, ಬರೆದೂ ಇದ್ದಳು. ಪರದೆಯ ಮೇಲೆ ಗೋಳು ಬಂದ ದಿನವೆಲ್ಲ ಕಪಾಟು, ನಂಬರು ಸಮೇತ ಕೊನೆಯ ಸಾಲಿನಲ್ಲಿ ಕುಟುಕಿದ್ದಳು. ನೂರ ಎಪ್ಪತ್ತೊಂದು ವರದಿಗಳ ಕೊನೆಯ ಸಾಲುಗಳನ್ನು ಒಂದೊಂದಾಗಿ ತೆಗೆದು ನೋಡಿದಳು. ಮಂಗಳವಾರ ಮಧ್ಯಾಹ್ನದ ಹೊತ್ತಿಗೆ ಮೂವತ್ತೊಂದು ನಂಬರು ಸಿಕ್ಕವು. ಯಾವುದು ಕೆಟ್ಟಿದೆ ಎನ್ನುವುದಕ್ಕೆ ಲೋಕದಲ್ಲಿದ್ದ ಬರಹ ಅದೊಂದೇ. ಪ್ರತಿಯೊಂದರ ಕೆಳಗೂ ಸಾಹೇಬರ ಸಹಿ, ಪ್ರತಿಯೊಂದರಲ್ಲೂ ಸಾಹೇಬರ ಮಾನ ಹರಾಜು. ನಂಬರು ಒಂದು ಕಡೆ, ಕುಹಕ ಒಂದು ಕಡೆ ಅಂತ ಬಿಡಿಸಿ ಕೊಡುವ ಹಾಗೂ ಇರಲಿಲ್ಲ, ಎರಡನ್ನೂ ಒಂದೇ ವಾಕ್ಯದಲ್ಲಿ ಹೆಣೆದಿದ್ದಳು, ಅದೂ ಹೆಮ್ಮೆಪಟ್ಟುಕೊಂಡು.

ಇಪ್ಪತ್ತೆರಡನೇ ಕಪಾಟಿನದು ಸಿಕ್ಕಿದಾಗ ಮಾತ್ರ ಅವಳಿಗೆ ನಗು ಬರಲಿಲ್ಲ. ‘ಆರನೆಯದು ನಡುದಾರಿಯಲ್ಲಿ ಮೌನವ್ರತ ಹಿಡಿದಿದೆ. ಕೆಲವರಿಗೆ ಇಂಥ ಬುದ್ಧಿ ಮೊದಲೇ ಬರಬೇಕಿತ್ತು’ ಎಂದು ಬರೆದಿದ್ದಳು. ಬರೆಯುವಾಗ ಅದು ಯಾರ ಧ್ವನಿ ಎಂದು ನೋಡುವ ಗೊಡವೆಗೂ ಹೋಗಿರಲಿಲ್ಲ. ಅವಳಿಗೆ ಯಾರೋ ಕೆನ್ನೆಗೆ ಬಿಗಿದ ಹಾಗಾಯಿತು.

ಅವಳ ಮುಂದೆ ಎರಡೇ ದಾರಿ. ಬಾಯಿ ಮುಚ್ಚಿಕೊಂಡು ಸುಮ್ಮನಿದ್ದರೆ ಸಮಿತಿ ಗಂಟು ಬಿಚ್ಚದೆ ಒಪ್ಪಿಗೆ ಕೊಡುತ್ತದೆ, ಡಿಸ್ಕು ಪುಡಿಯಾಗುತ್ತದೆ, ಅವಳು ಮೂರು ವರ್ಷ ನೆಮ್ಮದಿಯಾಗಿದ್ದು ಹಾರ ಹಾಕಿಸಿಕೊಂಡು ಮನೆಗೆ ಹೋಗಬಹುದು. ಬಾಯಿ ಬಿಟ್ಟರೆ ಕುತ್ತಿಗೆಗೆ ಬೀಳುವುದು ಹಾರವಲ್ಲ. ಮಂಗಳವಾರ ಸಂಜೆ ಮನೆಗೆ ಹೋದರೆ ನೋಟ್‌ಬುಕ್ಕು ಮೇಜಿನ ಮೇಲೆ ತೆರೆದೇ ಇತ್ತು. ‘ಮುಂದೆ?’ ಎಂಬುದರ ಕೆಳಗೆ ಅತ್ತೆ ಒಂದು ಗೆರೆ ಎಳೆದಿದ್ದರು. ಟೇಪಕ್ಕ ಅದನ್ನು ಮುಚ್ಚಿಟ್ಟಳು.

ಬುಧವಾರ ಹನ್ನೊಂದು ಗಂಟೆಗೆ ಸಮಿತಿ ಬಂತು. ಇಬ್ಬರು ಗಂಡಸರು, ಇಬ್ಬರೂ ಗಡಿಯಾರ ನೋಡುವವರು. ಅಧ್ಯಕ್ಷೆ ಕುಳ್ಳಗಿನ ಹೆಂಗಸು, ಕೊರಳಲ್ಲಿ ದಾರಕ್ಕೆ ಕಟ್ಟಿದ ಕನ್ನಡಕ. ಸಾಹೇಬರು ವರದಿಗಳ ಗಂಟನ್ನು ಮೇಜಿನ ಮೇಲಿಟ್ಟು, ‘ಎಲ್ಲಾ ಸರಿಯಾಗಿದೆ ಮೇಡಂ, ಮೂಲಭೂತವಾಗಿ ಒಂದು ಸಹಿ ಮಾತ್ರ ಬಾಕಿ’ ಎಂದು ಪೆನ್ನಿನ ಮುಚ್ಚಳ ತೆಗೆದು ಚಾಚಿದರು. ಅಧ್ಯಕ್ಷೆ ಪೆನ್ನು ತೆಗೆದುಕೊಂಡರು.

‘ಮೇಡಂ, ಒಂದ್ನಿಮಿಷ’ ಎಂದಳು ಬಾಗಿಲ ಹತ್ತಿರ ನಿಂತಿದ್ದ ಟೇಪಕ್ಕ. ‘ಮೂವತ್ತೊಂದು ಮುದ್ರಣ ಪೂರ್ತಿ ನಕಲಾಗಿಲ್ಲ. ವರದೀಲೇ ಇದೆ. ಪ್ರತಿ ವರದಿಯ ಕೊನೇ ಸಾಲು ಓದಿ.’

‘ಅಂಥದ್ದೇನೂ ಇಲ್ಲ ಮೇಡಂ, ನಾನೇ ನೋಡಿದೀನಿ’ ಎಂದರು ಸಾಹೇಬರು.

ಅಧ್ಯಕ್ಷೆ ಕನ್ನಡಕ ಏರಿಸಿ ಗಂಟು ಬಿಚ್ಚಿದರು. ಅವರದ್ದು ಕಡತ ಓದುವ ಧ್ವನಿ, ಏರಿಲ್ಲ ಇಳಿತವಿಲ್ಲ. ‘“ಇಪ್ಪತ್ತೈದನೇ ಕಪಾಟಿನ ಹದಿಮೂರನೆಯದು ಅರ್ಧಕ್ಕೇ ಎದ್ದು ಹೋಯಿತು, ಸಾಹೇಬರು ಮೀಟಿಂಗಿನಿಂದ ಹೋದಂತೆ.”’ ಒಬ್ಬ ಸದಸ್ಯ ಗಡಿಯಾರ ನೋಡುವುದನ್ನು ಬಿಟ್ಟ. ಅಧ್ಯಕ್ಷೆ ಹಾಳೆ ತಿರುಗಿಸಿದರು. ‘“ಮೂವತ್ತನೇ ಕಪಾಟಿನ ನಾಲ್ಕನೆಯದು ಎಷ್ಟು ಕರೆದರೂ ಏಳುತ್ತಿಲ್ಲ. ಊಟವಾದ ಮೇಲಿನ ಸಾಹೇಬರನ್ನು ನೋಡಿ ಕಲಿತಿರಬೇಕು.”’ ಇನ್ನೊಂದು ಹಾಳೆ. ‘“ಎಂಬತ್ತೆಂಟನೇ ಕಪಾಟಿನ ಎರಡನೆಯದಕ್ಕೆ ಹೆಸರಿದೆ, ಒಳಗೇನೂ ಇಲ್ಲ. ಹೋಲಿಕೆ ಕೊಡುವುದಿಲ್ಲ, ನನಗೆ ಕೆಲಸ ಬೇಕು.”’

ಇಬ್ಬರು ಸದಸ್ಯರೂ ಏಕಕಾಲಕ್ಕೆ ಕೆಮ್ಮಿದರು. ಸಾಹೇಬರ ಮುಖ ಮೊದಲು ಕೆಂಪಾಯಿತು, ಆಮೇಲೆ ಹುಳ್ಳಗಾಯಿತು. ಟೇಪಕ್ಕ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ನೆಲ ನೋಡುತ್ತಿದ್ದಳು. ನೂರ ಎಪ್ಪತ್ತೊಂದರಲ್ಲಿ ನಲವತ್ತು ಓದುವ ಹೊತ್ತಿಗೆ ಗುಂಡಿ, ಕೂದಲಿನ ಬಣ್ಣ, ಕಾಲರು ಎಲ್ಲವೂ ಹೊರಗೆ ಬಂದಿದ್ದವು.

‘ಇದನ್ನ ಬರೆದದ್ದು ಯಾರು?’ ಎಂದರು ಅಧ್ಯಕ್ಷೆ.

‘ನಾನೇ ಮೇಡಂ. ತಪ್ಪಾಯ್ತು. ಆದ್ರೆ ನಂಬರುಗಳು ಸುಳ್ಳಲ್ಲ. ಪರದೆ ಮೇಲೆ ಬಂದಿದ್ದನ್ನೇ ಬರೆದಿದ್ದು.’

‘ಸರಿ.’ ಅಧ್ಯಕ್ಷೆ ಸಾಹೇಬರ ಕಡೆ ತಿರುಗಿದರು. ‘ಕೆಳಗಿನ ಸಹಿ ನಿಮ್ದಾ?’

‘ಹೌದು ಮೇಡಂ.’

‘ಪೂರ್ತಿ ಓದಿ ಪರಿಶೀಲಿಸಿದ್ದೇನೆ ಅಂತ ಮುದ್ರೆ ಇದೆ. ಓದಿ ಹಾಕಿದ್ರೋ, ಓದದೆ ಹಾಕಿದ್ರೋ?’

ಸಾಹೇಬರು ಒಮ್ಮೆ ಟೇಪಕ್ಕನನ್ನು ನೋಡಿದರು, ಒಮ್ಮೆ ಬೀರುವನ್ನು ನೋಡಿದರು, ಒಮ್ಮೆ ಆ ಗಂಟನ್ನು ನೋಡಿದರು. ಓದದೆ ಸಹಿ ಹಾಕಿದೆ ಎಂದರೆ ನೂರ ಎಪ್ಪತ್ತೊಂದು ಸಲ ಸುಳ್ಳು ಮುದ್ರೆ ಒತ್ತಿದಂತಾಗುತ್ತದೆ, ಕುರ್ಚಿಗೇ ಸಂಚಕಾರ. ಓದಿ ಹಾಕಿದೆ ಎಂದರೆ ಊಟವಾದ ಮೇಲೆ ತಾವು ಏಳುವುದಿಲ್ಲ ಎಂದು ತಾವೇ ಒಪ್ಪಿದಂತೆ.

‘ಓದಿ... ಓದೇ ಹಾಕಿದ್ದು ಮೇಡಂ. ಅವು ತಾಂತ್ರಿಕ ದೋಷದ ಟಿಪ್ಪಣಿಗಳು.’

‘ಗುಂಡಿ ಕಳಚಿದ್ದೂ?’

‘ಅದು... ಸಾಮಾನ್ಯ ಷರಾ.’

‘ಹಾಗಾದ್ರೆ ಇದ್ರಲ್ಲಿರೋದನ್ನೆಲ್ಲ ನೀವು ಒಪ್ತೀರಿ.’

‘ಒಪ್ತೀನಿ ಮೇಡಂ’ ಎಂದರು ಸಾಹೇಬರು, ಇಂಗು ತಿಂದ ಮಂಗನಂತೆ.

ಅಧ್ಯಕ್ಷೆ ನಡಾವಳಿ ಪುಸ್ತಕದಲ್ಲಿ ‘ಮುಖ್ಯಸ್ಥರು ಎಲ್ಲಾ ಸಾಲುಗಳನ್ನೂ ಓದಿ ಒಪ್ಪಿರುತ್ತಾರೆ. ಮೂವತ್ತೊಂದು ಮುದ್ರಣಗಳ ನಕಲು ಅಪೂರ್ಣ. ಮೊಹರು ಒಡೆಯತಕ್ಕದ್ದು’ ಎಂದು ಬರೆದು, ಅವರ ಕಡೆ ತಿರುಗಿಸಿ ಸಹಿ ಕೇಳಿದರು. ಸಾಹೇಬರು ಕನ್ನಡಕ ಹಾಕಿಕೊಂಡು ಒಂದೊಂದೇ ಅಕ್ಷರ ಓದಿ, ಎರಡು ಸಲ ಓದಿ, ಆಮೇಲೆ ಸಹಿ ಹಾಕಿದರು. ಟೇಪಕ್ಕನಿಗೂ ಪಾಲು ಸಿಕ್ಕಿತು. ಕಚೇರಿ ಬರಹದಲ್ಲಿ ಹಾಸ್ಯ ಮಾಡಿದ್ದಕ್ಕೆ ಲಿಖಿತ ಎಚ್ಚರಿಕೆ, ಬರಬೇಕಿದ್ದ ಬಡ್ತಿಗೆ ಕತ್ತರಿ. ಬಾಗಿಲು ದಾಟುವಾಗ ಅಧ್ಯಕ್ಷೆ ಅವಳ ಪಕ್ಕದಲ್ಲಿ ನಿಂತು, ‘ಎಂಬತ್ತೆಂಟನೇದು ಚೆನ್ನಾಗಿತ್ತು’ ಎಂದು ಮೆಲ್ಲಗೆ ಹೇಳಿ ಹೋದರು.

ನೆಗಡಿ ಇಂಜಿನಿಯರನ್ನು ಒಂದು ವಾರಕ್ಕೆ ಕರೆಸಿದರು. ಹಳೆಯ ಡಿಸ್ಕನ್ನು ನಿಧಾನವಾಗಿ, ಕೆಟ್ಟ ಜಾಗವನ್ನು ಮತ್ತೆ ಮತ್ತೆ ಓದಿಸುವ ಆಜ್ಞೆ ಅವನ ಹತ್ತಿರ ಇತ್ತು. ಈ ಸಲ ಟೇಪಕ್ಕ ಎರಡು ಬಾಯಿಗೂ ಬೇರೆ ಬೇರೆ ಫೈಲು ಕೊಟ್ಟು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತಳು. ಒಂದು ನಾಟಕ ಬಂತು, ಒಬ್ಬ ಕೊಳಲಿನವನು ಬಂದ, ಸತ್ತು ಇಪ್ಪತ್ತು ವರ್ಷವಾದ ಒಬ್ಬ ಶಾಲಾ ಮಾಸ್ತರರ ಪಾಠ ಬಂತು. ಮೂವತ್ತೊಂದರಲ್ಲಿ ಇಪ್ಪತ್ತೊಂಬತ್ತು ಪೂರ್ತಿ ಬಂದವು. ಬಾರದೆ ಹೋದದ್ದು ಎರಡು. ಒಂದು ಯಾವುದೋ ದಿನದ ಹವಾಮಾನ. ಇನ್ನೊಂದು ಕಪಾಟು ಇಪ್ಪತ್ತೆರಡು, ನಂಬರು ಆರು.

‘ಆ ಜಾಗ ಪೂರ್ತಿ ಸವೆದುಹೋಗಿದೆ ಅಕ್ಕಾ’ ಎಂದ ಇಂಜಿನಿಯರ್. ಆಗ ಮಾತ್ರ ಅವನು ಸೀನಲಿಲ್ಲ.

ಟೇಪಕ್ಕ ಬಸ್ಸಿನಲ್ಲಿ ಅತ್ತಳು. ಪಕ್ಕದವರು ನೋಡುತ್ತಿದ್ದರೂ ಅತ್ತಳು. ತನ್ನ ಅವಮಾನವೆಲ್ಲ ಕೊಟ್ಟು ಊರವರ ಧ್ವನಿಗಳನ್ನು ಬಿಡಿಸಿ ತಂದಿದ್ದಳು, ಮನೆಯವರದೊಂದನ್ನು ಬಿಟ್ಟು. ಮನೆಗೆ ಹೋದವಳು ಚಪ್ಪಲಿಯನ್ನೂ ಬಿಡದೆ ಅತ್ತೆಯ ಮುಂದೆ ನಿಂತು ಎಲ್ಲವನ್ನೂ ಹೇಳಿದಳು. ಎರಡು ಬಾಯಿಯ ಕಥೆ, ಸಹಿ ಸಾಹೇಬರ ಕಥೆ, ಮೌನವ್ರತದ ಸಾಲು, ಅದನ್ನೂ ಮುಚ್ಚಿಡಲಿಲ್ಲ. ‘ನನ್ನ ಬೇಜವಾಬ್ದಾರಿ ಅತ್ತೆ. ಆವತ್ತೇ ನೋಡಿದ್ರೆ ಉಳೀತಿತ್ತೇನೋ. ಬೈಯಿರಿ’ ಎಂದಳು.

ಅತ್ತೆ ಅವಳ ಮುಖವನ್ನೇ ನೋಡಿದರು. ನೋಟ್‌ಬುಕ್ಕು ತೆಗೆದುಕೊಂಡು ತಮ್ಮ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಮೂರು ದಿನ ಊಟಕ್ಕೆ ಬಿಟ್ಟರೆ ಹೊರಗೆ ಬರಲಿಲ್ಲ. ಒಳಗಿಂದ ಪೆನ್ಸಿಲಿನ ಸದ್ದು ಮಾತ್ರ ಬರುತ್ತಿತ್ತು. ಈ ಸಲ ಬೈಗುಳ ಪುಸ್ತಕ ತುಂಬ ಬರುತ್ತದೆ ಎಂದು ಟೇಪಕ್ಕ ಕಾದಳು. ನಾಲ್ಕನೇ ದಿನ ಅತ್ತೆ ಬಂದು ಹದಿನಾಲ್ಕು ಹಾಳೆಗಳನ್ನು ಅವಳ ಕೈಗಿಟ್ಟರು. ಬೈಗುಳ ಒಂದೂ ಇರಲಿಲ್ಲ. ಆ ದಿನದ ಕಾರ್ಯಕ್ರಮದಲ್ಲಿ ನಾಲ್ಕು ನಿಮಿಷದ ಮುಂದೆ ತಾವು ಏನೇನು ಹೇಳಿದ್ದರೋ ಅದನ್ನೆಲ್ಲ ನೆನಪಿನಿಂದ ಇಳಿಸಿದ್ದರು, ಎಲ್ಲಿ ಉಸಿರು ತೆಗೆದುಕೊಳ್ಳಬೇಕು ಎಂದು ಗೆರೆ ಎಳೆದು. ಮೇಲುಗಡೆ ದಪ್ಪ ಅಕ್ಷರದಲ್ಲಿ ಬರೆದಿದ್ದರು: ‘ಫೋನು ಚಾಲೂ ಮಾಡು. ನೀನು ಓದು.’

‘ನಾನಾ? ನನ್ನ ಧ್ವನಿ ಕಾಗೆ ಥರ ಇದೆ ಅಂತ ನೀವೇ ಹೇಳಿದ್ರಿ ಅತ್ತೆ.’

ಅತ್ತೆ ಪೆನ್ಸಿಲು ಎತ್ತಿ ಬರೆದರು: ‘ಕಾಗೆಗೂ ಕಲಿಸಬಹುದು.’

ಟೇಪಕ್ಕ ಓದತೊಡಗಿದಳು. ಎರಡನೇ ಸಾಲಿಗೇ ಪೆನ್ಸಿಲು ಮೇಜಿಗೆ ಟಕ್ ಎಂದಿತು, ತಪ್ಪು. ಮತ್ತೆ ಓದಿದಳು. ಟಕ್. ಮತ್ತೆ ಓದಿದಳು. ಟಕ್. ಇಪ್ಪತ್ತೇಳು ವರ್ಷ ಸೊಸೆಯಾಗಿ ಬೈಸಿಕೊಂಡದ್ದೆಲ್ಲ ಒಂದು ಕಡೆ, ಆ ಮಧ್ಯಾಹ್ನ ಅವಳು ತಿಂದ ಟಕ್ಕುಗಳು ಒಂದು ಕಡೆ. ಒಂದು ಗಂಟೆಯಾದ ಮೇಲೆ ಅವಳ ಕಣ್ಣು ತುಂಬಿ ಹಾಳೆ ಮಸುಕಾಯಿತು. ಅತ್ತೆ ಒಂದು ಲೋಟ ನೀರು ತಂದು ಅವಳ ಪಕ್ಕದಲ್ಲಿಟ್ಟು, ಹಾಳೆಯ ಅಂಚಿನಲ್ಲಿ ಸಣ್ಣದಾಗಿ ಬರೆದರು: ‘ನಿಧಾನ. ಕೇಳುವವಳಿಗೆ ಕೈತುಂಬ ಕೆಲಸವಿರುತ್ತದೆ. ಅವಳು ಒಬ್ಬಳೇ ಇರುತ್ತಾಳೆ.’

ಟೇಪಕ್ಕ ನೀರು ಕುಡಿದು, ಅಡುಗೆಮನೆಯಲ್ಲಿ ಒಬ್ಬಳೇ ನಿಂತು ಕಿವಿಗೊಟ್ಟಿರುವ ಯಾರಿಗೋ ಹೇಳುವ ಹಾಗೆ ಓದಿದಳು. ಒಂದು ಪುಟ ಮುಗಿಯಿತು. ಪೆನ್ಸಿಲಿನ ಸದ್ದು ಬರಲಿಲ್ಲ. ಅವಳು ತಲೆ ಎತ್ತಿ ನೋಡಿದರೆ ಅತ್ತೆ ಕಣ್ಣು ಮುಚ್ಚಿ ಕೂತಿದ್ದರು, ತುಟಿಗಳು ಅವಳ ಮಾತಿನ ಜೊತೆಜೊತೆಗೇ ಅಲುಗಾಡುತ್ತಿದ್ದವು.